ಮೂರನೆಯ ಕ್ಯಾಮೆರಾದ ಮುಖಗಳು

ಎರಡು ವರ್ಷದ ಹಿಂದಿನ ಏಪ್ರಿಲ್. ಶ್ರೀನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನಾನು ವಿಡಿಯೋ ಎಡಿಟಿಂಗ್ ಶುರು ಮಾಡಿ ಆಗಲೇ ಹತ್ತೊಂಬತ್ತು ವರ್ಷವಾಗಿತ್ತು. ಮದುವೆ, ಉಪನಯನ, ಸ್ಕೂಲ್ ಡೇ, ಏನು ಬಂದರೂ ಕತ್ತರಿಸಿ ಜೋಡಿಸಿದವನು. ಕಿಟಕಿಯಾಚೆಯ ಹೊಂಗೆ ಮರದಿಂದ ಮಧ್ಯಾಹ್ನವೆಲ್ಲ ಹಸಿರು ಬೆಳಕು ಸೋಸಿ ಬರುತ್ತಿತ್ತು. ಆ ಬೆಳಕಿನಲ್ಲಿ ನಡೆದದ್ದಕ್ಕೋ ಏನೋ, ಈ ಪ್ರಸಂಗ ನೆನೆದರೆ ಅರೆನಿದ್ದೆಯಲ್ಲಿ ಕಂಡಂತೆಯೇ ಅನ್ನಿಸುತ್ತದೆ.

ಪಕ್ಕದ ಹನುಮಂತನಗರದ ಕುಸುಮಾ ಟೀಚರ್ ಮೂವತ್ತನಾಲ್ಕು ವರ್ಷ ಭರತನಾಟ್ಯ ಕಲಿಸಿದವರು. ಅವರ ಒಂದು ಕಣ್ಣು ಮೊದಲೇ ಹೋಗಿತ್ತು. ಇನ್ನೊಂದಕ್ಕೆ ಶುಕ್ರವಾರ ಆಪರೇಷನ್. ದೃಷ್ಟಿ ಉಳಿಯುತ್ತದೆಂದು ಡಾಕ್ಟರು ಖಾತ್ರಿ ಕೊಟ್ಟಿರಲಿಲ್ಲ. ತರಗತಿ ಮುಚ್ಚುವ ಮುನ್ನ ಮಕ್ಕಳಿಂದ ಕೊನೆಯದೊಂದು ಕಾರ್ಯಕ್ರಮ ಮಾಡಿಸಿದ್ದರು. ಅದರ ವಿಡಿಯೋ ನೋಡಿಯೇ ಆಸ್ಪತ್ರೆಗೆ ಹೋಗಬೇಕೆಂದು ಅವರ ಆಸೆ. ಗುರುವಾರ ಸಂಜೆ ಆರಕ್ಕೆ ಅಡ್ಮಿಟ್ ಆಗಬೇಕಿತ್ತು. ಮೂರೂವರೆಗೆ ಬನ್ನಿ ಎಂದಿದ್ದೆ.

ಮೂರು ಕ್ಯಾಮೆರಾಗಳ ಚಿತ್ರೀಕರಣ ಒಟ್ಟು 240 ಜಿಬಿ. ಅದನ್ನು ಎಡಿಟಿಂಗ್ ಸಾಫ್ಟ್‌ವೇರಿಗೆ ತುಂಬಿಸುವುದೇ ಇಂಪೋರ್ಟ್. ಅಲ್ಲಿ ‘ಆಪ್ಟಿಮೈಸ್ಡ್ ಮೀಡಿಯಾ’ ಎಂಬ ಚೌಕವೊಂದಿದೆ. ಅದಕ್ಕೆ ಗುರುತು ಹಾಕಿದರೆ ಪ್ರತಿ ಫೈಲಿಗೂ ದಪ್ಪನೆಯ ಇನ್ನೊಂದು ಪ್ರತಿ ತಯಾರಾಗುತ್ತದೆ. ವಿಡಿಯೋ ಸರಾಗವಾಗಿ ಓಡುತ್ತದೆ, ಡಿಸ್ಕ್ ಮಾತ್ರ ತುಂಬುತ್ತದೆ. ಬೇಕಾದ ನಾಲ್ಕು ಕ್ಲಿಪ್ಪಿಗೆ ಮಾಡಿಸುವುದನ್ನು ನಾನು ಅವಸರದಲ್ಲಿ ಅಷ್ಟಕ್ಕೂ ಮಾಡಿಸಿದ್ದೆ. ಸಾಲದ್ದಕ್ಕೆ ಕ್ಯಾಮೆರಾದ ಕಾರ್ಡುಗಳನ್ನು ಅಳಿಸಿ ಯಾವುದೋ ಮದುವೆಗೆ ಕಳಿಸಿಯಾಗಿತ್ತು. ಊರಿಗೆಲ್ಲ ಬ್ಯಾಕಪ್ ಇಡಿ ಎಂದು ಬುದ್ಧಿ ಹೇಳುವ ಮಹಾನುಭಾವ ನಾನೇ.

ಗುರುವಾರ ಎರಡೂವರೆಗೆ ಎಡಿಟ್ ಮುಗಿಸಿ, ಎಲ್ಲವನ್ನೂ ಒಂದೇ ವಿಡಿಯೋ ಫೈಲಾಗಿಸುವ ಎಕ್ಸ್‌ಪೋರ್ಟ್ ಕೊಟ್ಟರೆ ‘ಡಿಸ್ಕ್ ಫುಲ್’. ಒಂದು ಟಿಬಿಯಲ್ಲಿ ಉಳಿದದ್ದು 2 ಜಿಬಿ.

ನನ್ನ ಹಳೆಯ ಸಾಫ್ಟ್‌ವೇರಿನಲ್ಲಿ ದಪ್ಪ ಪ್ರತಿಗಳನ್ನಷ್ಟೇ ಅಳಿಸುವುದಾದರೆ ಎಲ್ಲವನ್ನೂ ಒಟ್ಟಿಗೇ ಅಳಿಸಬೇಕು. ಹಾಗೆ ಅಳಿಸಿದರೆ ನನ್ನ ಹಳೆಯ ಕಂಪ್ಯೂಟರಿನಲ್ಲಿ ವಿಡಿಯೋ ತಡವರಿಸುತ್ತದೆ, ಎಕ್ಸ್‌ಪೋರ್ಟಿಗೆ ಎಂಟು ಗಂಟೆ ಬೇಕು. ಅಷ್ಟರಲ್ಲಿ ಟೀಚರ್ ಆಸ್ಪತ್ರೆಯಲ್ಲಿರುತ್ತಾರೆ. ಆಗ ಕಣ್ಣಿಗೆ ಬಿದ್ದದ್ದು ಮೂರನೆಯ ಕ್ಯಾಮೆರಾ. ಅದು ಹಿಡಿದದ್ದು ಬರೀ ಮುಖಗಳನ್ನು. ನೃತ್ಯವೆಂದರೆ ತಲೆಯಿಂದ ಪಾದದವರೆಗೆ ಕಾಣಬೇಕೆಂದು ಅದರ ಒಂದು ಶಾಟನ್ನೂ ನಾನು ಬಳಸಿರಲಿಲ್ಲ. ಅದನ್ನು ಮೂಲಸಮೇತ ಅಳಿಸಿದರೆ ಉಳಿದೆರಡರ ದಪ್ಪ ಪ್ರತಿ ಹಾಗೇ ಇದ್ದು ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಫೋಲ್ಡರ್ ಆರಿಸಿದೆ.

ಅಷ್ಟರಲ್ಲಿ ಟೀಚರ್ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ.

“ರೆಡಿನಾ ಮಂಜುನಾಥ್?”

“ಒಂದ್ನಿಮಿಷ ಟೀಚರ್. ಜಾಗ ಸಾಲ್ತಿಲ್ಲ, ಬೇಡದ್ದೊಂದು ಕ್ಯಾಮೆರಾ ಡಿಲೀಟ್ ಮಾಡ್ತಿದೀನಿ. ಬರೀ ಮಕ್ಕಳ ಮುಖ, ಅಷ್ಟೇ.”

ಅವರು ಕುರ್ಚಿಯ ಬೆನ್ನು ಹಿಡಿದು ನಿಂತುಬಿಟ್ಟರು.

“ಮುಖ ಇದ್ಯಾ? ಮೂವತ್ನಾಲ್ಕು ವರ್ಷ ಮಣೆ ಮೇಲೆ ಕೋಲು ಬಡಿದು ತಾಳ ಹಾಕ್ದೆ ಕಣ್ರೀ. ಹೆಜ್ಜೆ ತಪ್ಪುತ್ತಾ ಅಂತ ಕಾಲೇ ನೋಡ್ತಿದ್ದೆ. ಕುಣಿಯೋವಾಗ ಒಂದ್ ಮಗೂ ಮುಖಾನೂ ನೋಡಿಲ್ಲ. ಅದನ್ನ ಅಳಿಸ್ಬೇಡಿ.”

ನಾಚಿಕೆಯಾಯಿತು. ದಪ್ಪ ಪ್ರತಿಗಳನ್ನೇ ಅಳಿಸಿದೆ. 700 ಜಿಬಿ ಖಾಲಿಯಾಗಲು ಇಪ್ಪತ್ತು ನಿಮಿಷ ಹಿಡಿಯಿತು. ಟೀಚರಿಗೆ ಪರದೆಯ ಹತ್ತಿರ ಕುರ್ಚಿ ಎಳೆದು ಕೊಟ್ಟೆ. ಆಮೇಲೆ ಮೂರನೆಯ ಕ್ಯಾಮೆರಾ ತೆರೆದೆ.

ಹೆದರಿದ್ದಂತೆಯೇ ಚಿತ್ರ ತಡವರಿಸಿತು. ಬೆವರಿಗೆ ಕಾಡಿಗೆ ಇಳಿದ ಒಬ್ಬಳ ಮುಖ ತೇಲಿ ಬಂದು ನಿಂತಿತು. ಮೆಲ್ಲಗೆ ಇನ್ನೊಂದು ಬಂತು. ಟೀಚರ್ ಮೂಗು ಪರದೆಗೆ ತಾಕುವಷ್ಟು ಬಾಗಿದರು. ಅಭ್ಯಾಸಬಲದಿಂದ ಮೇಜಿನ ಮೇಲೆ ತಾಳ ಹಾಕುತ್ತಿದ್ದ ಅವರ ಬೆರಳು ಯಾವಾಗಲೋ ನಿಂತಿತ್ತು.

“ಅಯ್ಯೋ, ಈ ಸಿಂಚನಾ ಕುಣಿಯೋವಾಗ ನಗ್ತಾಳಾ?”

“ಸಾರಿ ಟೀಚರ್, ನಿಂತು ನಿಂತು ಹೋಗ್ತಿದೆ.”

“ಹೋಗ್ಲಿ ಬಿಡಿ. ನಂಗೂ ನೋಡೋಕೆ ಟೈಮ್ ಸಿಗುತ್ತೆ.”

ಐದೂಕಾಲರವರೆಗೆ ನೋಡಿದರು. ನಾನು ಎಡಿಟ್ ಮಾಡಿದ ವಿಡಿಯೋ ಕೇಳಲೇ ಇಲ್ಲ.

ಮತ್ತೆ ಮಾಡಿಕೊಳ್ಳಬಹುದಾದದ್ದನ್ನು ಅಳಿಸು, ಮೂಲವನ್ನು ಮುಟ್ಟಬೇಡ ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಗೊತ್ತಿದ್ದೂ ಮರೆತಿದ್ದೆ. ಯಾವುದು ಬೇಡದ್ದು ಎಂದು ತೀರ್ಮಾನಿಸುವ ಮುನ್ನ ಒಂದು ಮಾತು ಕೇಳಬೇಕೆಂಬುದನ್ನು ಆ ದಿನ ಕಲಿತೆ.

ಈಗ ಟೀಚರ್‌ಗೆ ಕತ್ತಲು ಬೆಳಕಿನ ವ್ಯತ್ಯಾಸವಷ್ಟೇ ತಿಳಿಯುತ್ತದೆ. ಹೋದ ತಿಂಗಳು ನೋಡಲು ಹೋಗಿದ್ದಾಗ, “ಸಿಂಚನಾ ಇನ್ನೂ ನಗ್ತಾನೇ ಇದಾಳೆ ಕಣ್ರೀ” ಎಂದರು. ಆ ಫೋಲ್ಡರ್ 80 ಜಿಬಿ ಇದೆ. ಜಾಗ ಸಾಲದೆ ಹೋದಾಗಲೆಲ್ಲ ನಾನು ಬೇರೆ ಏನನ್ನಾದರೂ ಅಳಿಸುತ್ತೇನೆ.