ಮೂವತ್ತೊಂದನೆಯ ಗಿಡ

ಕೆನಡಾದ ವಿಟ್ಬಿ ಊರಿನ ಚಂದ್ರಮೋಹನ ಕುಲಕರ್ಣಿಯವರು ನಿವೃತ್ತರಾಗುವ ತನಕ ಸೇತುವೆ ಕಟ್ಟಿಸಿದ ಇಂಜಿನಿಯರು. ಗಿಡದ ಹುಚ್ಚು ಇದ್ದದ್ದು ಮಗಳು ಈಶಾಳಿಗೆ. ೨೦೦೯ರ ಜೂನ್‌ನಲ್ಲಿ ಅವಳು ಸಂಶೋಧನೆಗೆಂದು ಅಮೆರಿಕದ ನೆವಾಡಾಕ್ಕೆ ಹೋಗಿ, ಮರುಭೂಮಿಯ ನಡುವಿನ ಎತ್ತರದ ಬೆಟ್ಟಗಳಲ್ಲಿ ಗಿಡ ಸಂಗ್ರಹಿಸುತ್ತಿದ್ದಳು. ಇಳಿಜಾರಿನಲ್ಲಿ ಜೀಪು ಉರುಳಿ ತೀರಿಕೊಂಡಳು. ಆಗ ಇಪ್ಪತ್ತಾರು ವರ್ಷ.

ಚಳಿಗಾಲಕ್ಕೆ ಮುಂಚೆ ಅವಳ ಪೆಟ್ಟಿಗೆ ಮನೆಗೆ ಬಂತು. ಕಾಗದದ ನಡುವೆ ಒತ್ತಿ ಒಣಗಿಸಿದ ಗಿಡಗಳು. ಮೂವತ್ತಕ್ಕೆ ಅವಳೇ ಹೆಸರು ಬರೆದಿದ್ದಳು. ಕೊನೆಯದಕ್ಕೆ ೩೧ ಎಂಬ ಅಂಕಿ ಮಾತ್ರ. ಗೇಣುದ್ದವೂ ಇಲ್ಲದ ಗಿಡ, ಬೂದು ರೋಮದ ಎಲೆ, ಒಂದೇ ಹೂವು. ಬೇರು ಮಾತ್ರ ಹೆಬ್ಬೆರಳಿನಷ್ಟು ದಪ್ಪ. ವರ್ಷ ವರ್ಷವೂ ಮೇಲೆ ಒಣಗಿ ಬೇರಿನಿಂದ ಮತ್ತೆ ಚಿಗುರಿದ್ದು. ಎಲ್ಲಿ ಕಿತ್ತದ್ದೆಂದು ಬರೆದಿಟ್ಟ ನೋಟ್‌ಬುಕ್ಕು ಸಿಗಲೇ ಇಲ್ಲ.

ಈವರೆಗೆ ಯಾರೂ ಗುರುತಿಸಿರದ ಗಿಡವಾದರೆ ಅದಕ್ಕೆ ಮಗಳ ಹೆಸರಿಡಬಹುದು ಎಂಬ ಆಸೆ ತಂದೆಗೆ ಹುಟ್ಟಿತು. ಮೂರು ವರ್ಷ ಭೂತಗನ್ನಡಿ ಹಿಡಿದು ಪುಸ್ತಕ ತಿರುವಿದರು. ಅವರೆ, ಕಡಲೆಯ ಬಳಗದ್ದು ಎಂಬಲ್ಲಿಗೆ ಬಂದು ನಿಂತರು. ಟೊರೊಂಟೊದ ಸಸ್ಯ ಸಂಗ್ರಹಾಲಯವೊಂದರ ಹಿರಿಯ ತಜ್ಞೆ, ಕಾಯಿ ಇಲ್ಲವಾದ್ದರಿಂದ ಹೂವನ್ನೇ ನೆನೆಸಿ ಸೀಳಿ ನೋಡಬೇಕು, ಬೇರೆ ದಾರಿಯಿಲ್ಲ ಎಂದರು.

ಹೆಂಡತಿ ಜಯಶೀಲಾ ಒಪ್ಪಲಿಲ್ಲ. "ಆಕಿ ಕೈಲೆ ಕಿತ್ತ ಹೂ ಅದು. ಹೆಸರು ಸಿಗದಿದ್ರ ಬಿಡ್ರಿ, ಹಂಗ ಇರ್ಲಿ" ಎಂದರು.

ಮುಂದಿನ ಮಾರ್ಚ್‌ನಲ್ಲಿ ಚಂದ್ರಮೋಹನರು ಹೆಂಡತಿಗೆ ಹೇಳದೆ ಗಿಡ ಹಿಡಿದು ಟೊರೊಂಟೊದ ರೈಲು ಹತ್ತಿದರು. ಬಿಸಿನೀರಿನಲ್ಲಿ ಹೂವು ಮೆತ್ತಗಾಯಿತು. ತಜ್ಞೆ ಸೂಜಿಯಿಂದ ಬಿಡಿಸಿ ಬಹಳ ಹೊತ್ತು ನೋಡಿದರು. ಗಿಡ ಅಪರೂಪದ್ದೇ, ನಾಲ್ಕೈದು ಬೆಟ್ಟಗಳಲ್ಲಷ್ಟೇ ಬೆಳೆಯುವಂಥದ್ದು; ಆದರೆ ಹೊಸದಲ್ಲ, ಅದಕ್ಕೆ ಹೆಸರಿಟ್ಟು ಎಷ್ಟೋ ಕಾಲವಾಗಿದೆ ಎಂದರು. ಯಾವ ಬೆಟ್ಟದ್ದು ಎಂದು ಕೇಳಿದರು. ಬರೆದಿಟ್ಟ ನೋಟ್‌ಬುಕ್ಕು ಸಿಗಲಿಲ್ಲ ಎಂದು ಚಂದ್ರಮೋಹನರು ಹೇಳಿದರು.

ಮನೆಗೆ ಬಂದು ಎಲ್ಲವನ್ನೂ ಹೇಳಿದರು. ಜಯಶೀಲಾ ಗಿಡವನ್ನು ತೆಗೆದುಕೊಂಡು ಹೋಗಿ ಮತ್ತೆ ಪೆಟ್ಟಿಗೆಯಲ್ಲಿಟ್ಟರು. ವಾರದ ಮೇಲೆ ಒಂದು ಬೆಳಿಗ್ಗೆ ಕಾಫಿ ಲೋಟ ಮುಂದಿಟ್ಟು, "ಗಿಡದ ಬಗ್ಗೆ ಗೊತ್ತಿದ್ದವರ ಕಡೆ ಕೊಟ್ಟುಬಿಡೂಣ್ರಿ. ನಮ್ಮ ನಂತರ ಇದನ್ನ ಯಾರು ನೋಡ್ತಾರ?" ಎಂದರು.

ಇಬ್ಬರೂ ಸಂಗ್ರಹಾಲಯಕ್ಕೆ ಹೋಗಿ ಗಿಡವನ್ನು ಒಪ್ಪಿಸಿದರು. ಸಂಗ್ರಹಿಸಿದವರ ಹೆಸರು ಬರೆಯಲು ಚೀಟಿ ಕೊಟ್ಟಾಗ ಚಂದ್ರಮೋಹನರು ಅದನ್ನು ಹೆಂಡತಿಯ ಮುಂದೆ ಸರಿಸಿದರು. ಜಯಶೀಲಾ ಪೆನ್ನು ತೆಗೆದುಕೊಂಡು ಈಶಾ ಕುಲಕರ್ಣಿ ಎಂದು ಬರೆದರು. ಸ್ಥಳದ ಸಾಲಿನಲ್ಲಿ ನೆವಾಡಾ ಎಂದಷ್ಟೇ ಬರೆದು, ಉಳಿದದ್ದನ್ನು ಖಾಲಿ ಬಿಟ್ಟರು.