ಗೇಟಿನ ಬಳಿ ಕೇಳಿದ ಪ್ರಶ್ನೆ

ತಿಪಟೂರಿನ ನಮ್ಮ ಫುಟ್‌ಬಾಲ್ ತಂಡದ ಪಂದ್ಯಗಳಿಗೆ ತಪ್ಪದೆ ಬರುತ್ತಿದ್ದ ಅಭಿಮಾನಿ ಒಬ್ಬರೇ: ಹೊನ್ನವಳ್ಳಿಯಲ್ಲಿ ತೆಂಗಿನಕಾಯಿ ಸುಲಿಯುವವರು. ತೋಳಿಗಂಟಿದ ನಾರನ್ನು ಕೊಡವುತ್ತಾ ಗೋಲಿನ ಹಿಂದೆ ಒಂಟಿಯಾಗಿ ನಿಲ್ಲುತ್ತಿದ್ದರು. ಪರವೂರುಗಳಲ್ಲಿ ಗೆಲ್ಲುತ್ತಿದ್ದ ನಾವು ನಮ್ಮ ಮೈದಾನದಲ್ಲೇ ಸೋಲುತ್ತಿದ್ದೆವು. "ಅಟ್ಟದ ಕಾಯಿ ಕೊಬ್ಬರಿಯಾಗಕ್ಕೆ ಒಂದು ವರ್ಷ ಸಾಕು ಕಣ್ರಪ್ಪ, ನೀವು ಊರಲ್ಲಿ ಗೆಲ್ಲಕ್ಕೆ ಎಷ್ಟು ವರ್ಷ ಬೇಕು?" ಎಂದು ಪ್ರತಿ ಸಲವೂ ಕೇಳುತ್ತಿದ್ದರು. ನಾವು ನಗುತ್ತಿದ್ದೆವು.

ನಾಲ್ಕು ಗೋಲುಗಳಿಂದ ಸೋತ ಸಂಜೆ ಅವರು ಗೇಟಿಗೆ ಅಡ್ಡ ನಿಂತರು. "ಬಯ್ಯಲ್ಲ ಬನ್ರಪ್ಪ. ಯಾಕೆ ಸೋತ್ರಿ ಅಂತ ಒಬ್ಬರಾದ್ರೂ ಹೇಳಿ, ದಾರಿ ಬುಡ್ತೀನಿ."

ಉತ್ತರ ನಮಗೆ ಗೊತ್ತಿತ್ತು. ಊರಿನ ಪಂದ್ಯವೆಂದರೆ ಸಲೀಸೆಂದು ನಾವು ಅಭ್ಯಾಸಕ್ಕೇ ಬರುತ್ತಿರಲಿಲ್ಲ. ಆದರೂ ನಾಯಕನಾಗಿದ್ದ ನಾನೇ ಎಲ್ಲರನ್ನೂ ಹಿಂದಿನ ಗೋಡೆ ಹತ್ತಿಸಿ ಹೊರಗೆ ಕರೆದೊಯ್ದೆ. ಮನೆಗೆ ಹೋಗುವ ಬಸ್ಸಿನ ಕಿಟಕಿಯಿಂದ ನೋಡಿದಾಗ ಅವರು ಖಾಲಿ ಮೈದಾನದ ಕಡೆ ಮುಖ ಮಾಡಿಕೊಂಡು ಗೇಟಿನಲ್ಲೇ ಕಾಯುತ್ತಿದ್ದರು.