ಹದಿನೇಳು ಶಟರು

ನನಗೆ ಎಣಿಸುವ ಚಟ. ಹತ್ತನೇ ತರಗತಿಯಿಂದ ಡೈರಿ ಬರೆಯುತ್ತಿದ್ದೇನೆ; ಅದರಲ್ಲಿ ಭಾವನೆ ಕಡಿಮೆ, ಅಂಕಿ ಜಾಸ್ತಿ. ವಿಜಯನಗರದಿಂದ ಮೆಜೆಸ್ಟಿಕ್ ತಲುಪುವಷ್ಟರಲ್ಲಿ ಬಸ್ಸು ಎಷ್ಟು ಕಡೆ ನಿಂತಿತು, ಕರೆಂಟು ಎಷ್ಟು ಸಲ ಹೋಯಿತು, ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು. ಅಕ್ಕ ಇದನ್ನು ಪಂಚಾಂಗ ಅನ್ನುತ್ತಾಳೆ. ಆ ಪಂಚಾಂಗದಲ್ಲಿ ಖಾಲಿ ಇದ್ದದ್ದು ಒಂದೇ ಪುಟ, 2005ರಲ್ಲಿ ಅಪ್ಪ ತೀರಿಕೊಂಡ ದಿನದ್ದು.

ಮರುವರ್ಷ ಬೇಸಿಗೆಯಲ್ಲಿ ಅಕ್ಕ ನನ್ನನ್ನೂ ಅಮ್ಮನನ್ನೂ ಸ್ಪೇನಿಗೆ ಕರೆಸಿಕೊಂಡಳು. ಭಾವ ಅಲ್ಲಿ ಕಡಲತೀರದ ಹೋಟೆಲೊಂದರಲ್ಲಿ ಅಡುಗೆಯವರು. ಅಮ್ಮ ಎರಡು ದಿನ ಸಮುದ್ರ ನೋಡಿದಳು. ಮೂರನೆಯ ದಿನ, ಉಪ್ಪುನೀರನ್ನ ಎಷ್ಟೂಂತ ನೋಡೋದು, ಜನ ಇರೋ ಊರು ತೋರಿಸು ಅಂದಳು. ನಾವಿಬ್ಬರೇ ಬಸ್ಸು ಹತ್ತಿ, ಒಳನಾಡಿನ ಬೆಟ್ಟದ ಮೇಲಿನ ಊರೊಂದರಲ್ಲಿ ಇಳಿದೆವು. ಮನೆಗಳೆಲ್ಲ ಸುಣ್ಣದ ಬಿಳುಪು. ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ.

ಸರಿಯಾಗಿ ಎರಡು ಗಂಟೆಗೆ ಇಳಿಜಾರು ಬೀದಿಯ ಮೇಲ್ತುದಿಯಲ್ಲಿ ಒಂದು ಶಟರು ಇಳಿಯಿತು. ಆಮೇಲೆ ಅದರ ಕೆಳಗಿನದು. ಆಮೇಲೆ ಎದುರಿನದು. ಕಾಣದವರು ಯಾರೋ ಬೀದಿಯಿಳಿದು ಬರುತ್ತಿದ್ದಾರೆ, ಅವರು ಹತ್ತಿರವಾದಂತೆ ಒಂದೊಂದೇ ಅಂಗಡಿ ಕಣ್ಣು ಮುಚ್ಚುತ್ತಿದೆ ಅನ್ನುವ ಹಾಗೆ. ಆ ದೇಶದವರು ಊಟ ಮಾಡಿ ಮಧ್ಯಾಹ್ನ ಮಲಗುತ್ತಾರೆ ಎಂದು ನಾನು ಓದಿದ್ದೆ. ಹೊರಡುವ ಮೊದಲು ಡೈರಿಯಲ್ಲಿ ಬರೆದುಕೊಂಡೂ ಇದ್ದೆ. ಆದರೆ ವಿಜಯನಗರದ ಮಾರ್ಕೆಟ್ ರಸ್ತೆಯಲ್ಲಿ ಬೆಳೆದವನ ಮೈಗೆ ಗೊತ್ತಿರುವುದೇ ಬೇರೆ. ನಮ್ಮಲ್ಲಿ ಹಾಡಹಗಲಿನಲ್ಲಿ ಅಂಗಡಿಗಳು ಹೀಗೆ ಸಾಲಾಗಿ ಶಟರು ಇಳಿಸುವುದು ಹೆಣ ದಾಟಿಹೋಗುವಾಗ.

ಅಮ್ಮ ಚಪ್ಪಲಿ ಬಿಟ್ಟು ಗೋಡೆಗೆ ಒತ್ತಿ ನಿಂತಳು. ನಿದ್ದೆಯ ವಿಷಯ ಹೇಳಬೇಕಿತ್ತು. ಹೇಳಲಿಲ್ಲ, ನಾನೂ ಚಪ್ಪಲಿ ಬಿಟ್ಟೆ. ನಿಂತವನು ಸುಮ್ಮನಿರಲಾರದೆ ಎಣಿಸಿದೆ. ಶಟರು ಹದಿನೇಳು. ಜನ ಸೊನ್ನೆ. ತಮಟೆಯಿಲ್ಲ, ಎರಚಿದ ಹೂವಿಲ್ಲ. ನಡುಬೀದಿಯಲ್ಲಿ ಮಲಗಿದ್ದ ನಾಯಿಯೊಂದು ಎದ್ದು, ಮೇಲಿನ ತಿರುವನ್ನೇ ನೋಡುತ್ತ ಪಕ್ಕಕ್ಕೆ ಸರಿದು ನಿಂತಿತು. ಅದರ ತಲೆ ನಿಧಾನವಾಗಿ ತಿರುಗಿತು: ಮೇಲಿನಿಂದ ನಮ್ಮ ಮುಂದಕ್ಕೆ, ನಮ್ಮ ಮುಂದಿನಿಂದ ಕೆಳಕ್ಕೆ. ಆಮೇಲೆ ಮತ್ತೆ ಅದೇ ಜಾಗಕ್ಕೆ ಬಂದು ಮಲಗಿತು. ಅಷ್ಟು ಬಿಸಿಲಲ್ಲೂ ನನ್ನ ಅಂಗಾಲು ತಣ್ಣಗಿತ್ತು.

"ನಿಮ್ಮಪ್ಪನ್ನ ತಗೊಂಡು ಹೋದಾಗ ನಮ್ಮ ರೋಡಲ್ಲೂ ಹಿಂಗೇ ಹಾಕಿದ್ರೇನೋ?"

ನಮ್ಮಲ್ಲಿ ಹೆಂಗಸರು ಹೆಣದ ಜೊತೆ ಹೋಗುವುದಿಲ್ಲ. ಅಮ್ಮ ಅವತ್ತು ಗೇಟಿನಲ್ಲೇ ನಿಂತುಬಿಟ್ಟಿದ್ದಳು. ಅಪ್ಪ ದಿನಾ ಸಂಜೆ ಮಾತಾಡಿಸಿಕೊಂಡು ಬರುತ್ತಿದ್ದ ಬೀದಿ ಅಪ್ಪನಿಗೆ ಮರ್ಯಾದೆ ಕೊಟ್ಟಿತೋ ಇಲ್ಲವೋ ಎಂಬುದನ್ನು ಒಂದು ವರ್ಷ ಬಾಯಲ್ಲೇ ಇಟ್ಟುಕೊಂಡಿದ್ದಾಳೆ. ನಾನೋ, ಬೆಂಕಿಯ ಮಡಕೆ ಹಿಡಿದು ತಲೆ ಬಗ್ಗಿಸಿ ನಡೆದವನು. ನನ್ನ ಕಾಲುಬೆರಳು ಬಿಟ್ಟರೆ ಏನನ್ನೂ ನೋಡಿರಲಿಲ್ಲ.

"ಹಾಕಿದ್ರಮ್ಮ."

"ಎಷ್ಟು?" ಮಗನ ಚಟ ಅವಳಿಗೆ ಗೊತ್ತು.

"ಹದಿನೇಳು."

"ಕಾಫಿಪುಡಿ ಅಂಗಡಿಯೋನು?"

"ಅವನೇ ಮೊದಲು."

ಅಮ್ಮ ಚಪ್ಪಲಿ ಮೆಟ್ಟಿಕೊಂಡಳು. ಸರಿ ನಡಿ ಕಣೋ, ಬಿಸಿಲು ಅಂದಳು, ಅದುವರೆಗೆ ಬಿಸಿಲೇ ಇರಲಿಲ್ಲವೇನೋ ಎಂಬಂತೆ.

ಊರಿಗೆ ಬಂದ ಮೇಲೆ ಆ ಖಾಲಿ ಪುಟ ತೆಗೆದು 'ಶಟರು: ಹದಿನೇಳು' ಎಂದು ಬರೆದೆ. ನೋಡಿದ್ದು ನಿಜ, ಎಣಿಸಿದ್ದು ನಿಜ. ಊರು ಮಾತ್ರ ಬೇರೆ. ಆ ನಾಯಿಯನ್ನು ನೆನೆದರೆ ಅದೂ ಅಷ್ಟು ಖಚಿತವಲ್ಲ. ನಮ್ಮ ಮಾರ್ಕೆಟ್ ರಸ್ತೆಯಲ್ಲಿ ಒಟ್ಟು ಎಷ್ಟು ಅಂಗಡಿಗಳಿವೆ ಎಂದು ನೀವು ಕೇಳಬೇಡಿ. ದಿನಾ ಓಡಾಡುತ್ತೇನೆ. ನಾನು ಎಣಿಸದೆ ನಡೆಯುವ ರಸ್ತೆ ಅದೊಂದೇ.